ಬಿಗಿತವೆಂಬ ಬಲ: ಹಳೆಯ ಮೋಟಾರು ಸೈಕಲಿನ ಚೌಕಟ್ಟು ಮತ್ತು ಅದರ ಬೋಲ್ಟುಗಳು

ಮೈಸೂರಿನ ಯಾದವಗಿರಿಯಲ್ಲಿ 1960ರ ದಶಕದ ಆದಿಭಾಗದಲ್ಲಿ ತಯಾರಿಕೆಯನ್ನು ಆರಂಭಿಸಿ, ಮೊದಲು ಜಾವಾ ಎಂಬ ಹೆಸರಿನಿಂದಲೂ 1973ರ ಅನಂತರ ಯೆಜ್ದಿ ಎಂಬ ಹೆಸರಿನಿಂದಲೂ ನಾಡಿನಲ್ಲೆಲ್ಲ ಮನೆಮಾತಾಗಿ, 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಇಂದಿಗೂ ನಮ್ಮ ಬೀದಿಗಳಲ್ಲಿ ಸಂಚರಿಸುತ್ತಿರುವುದು, ಅವನ್ನು ನಿರ್ಮಿಸಿದ ಕೈಗಳ ಕೌಶಲಕ್ಕೆ ಎಷ್ಟರಮಟ್ಟಿಗೆ ಸಾಕ್ಷಿಯೋ, ಅವನ್ನು ಉಳಿಸಿಕೊಂಡು ಬಂದವರ ಶ್ರದ್ಧೆಗೂ ಅಷ್ಟರಮಟ್ಟಿಗೇ ಸಾಕ್ಷಿ. ಆದರೆ ಅಂಥ ಗಾಡಿಯೊಂದನ್ನು ಕೈಬದಲಾಗಿ ಕೊಳ್ಳುವವರು ಟ್ಯಾಂಕಿನ ಬಣ್ಣವನ್ನೂ ಕ್ರೋಮಿಯಂ ಲೇಪದ ಹೊಳಪನ್ನೂ ಎಂಜಿನ್ನಿನ ನಾದವನ್ನೂ ಪರೀಕ್ಷಿಸುವರೇ ಹೊರತು, ನೆಲದ ಮೇಲೆ ಕುಳಿತು, ಎಂಜಿನ್ನು ಚೌಕಟ್ಟಿನೊಡನೆ ಕೂಡಿಕೊಳ್ಳುವ ಎಡೆಗಳನ್ನು ಒಂದೊಂದಾಗಿ ನೋಡುವುದು ವಿರಳ. ನೋಡಿದರೆ, ಒಂದು ರಂಧ್ರವು ಬರಿದಾಗಿ ಬಾಯ್ತೆರೆದಿರುವುದು, ಇನ್ನೊಂದರಲ್ಲಿ ಕಪಾಟು ಕಟ್ಟುವುದಕ್ಕೆ ಬಳಸುವಂಥ ಮೆದು ಉಕ್ಕಿನ ಬೋಲ್ಟು ತೂರಿಕೊಂಡಿರುವುದು, ಮತ್ತೊಂದರಲ್ಲಿ ತಲೆ ಮುರಿದುಹೋದ ಬೋಲ್ಟಿನ ಮುಂಡವು ತುಕ್ಕು ಹಿಡಿದು ಒಳಗೇ ಉಳಿದಿರುವುದು ಕಣ್ಣಿಗೆ ಬೀಳುವುದುಂಟು. ಕೆಲವು ರೂಪಾಯಿ ಬೆಲೆಯ ಈ ಅಲ್ಪವಸ್ತುವಿನ ಮೇಲೆ ಇಡೀ ಗಾಡಿಯ ಆಯುಷ್ಯವೂ ಸವಾರನ ಕ್ಷೇಮವೂ ನಿಂತಿರುವ ಬಗೆಯನ್ನು ವಿವರಿಸುವುದೂ, ಕಳೆದುಹೋದ ಅಥವಾ ಮುರಿದ ಬೋಲ್ಟನ್ನು ಸರಿಯಾದ ರೀತಿಯಲ್ಲಿ ಬದಲಾಯಿಸುವ ಕ್ರಮವನ್ನು ತಿಳಿಸುವುದೂ ಈ ಲೇಖನದ ಉದ್ದೇಶ.

ಬೋಲ್ಟು ಮಾಡುವ ಕೆಲಸವೇನು ಎಂಬುದನ್ನು ಕುರಿತು ಜನಸಾಮಾನ್ಯರಲ್ಲಿ ಒಂದು ತಪ್ಪುಕಲ್ಪನೆಯಿದೆ. ಎತ್ತಿನ ಬಂಡಿಯ ಅಚ್ಚಿನ ತುದಿಯಲ್ಲಿ ಚಕ್ರವು ಕಳಚದಂತೆ ತಡೆಯುವ ಕಡೆಗೀಲು ಹೇಗೆ ಸುಮ್ಮನೆ ಅಡ್ಡ ನಿಂತು ತನ್ನ ಗಟ್ಟಿತನದಿಂದಲೇ ಕೆಲಸ ನಡೆಸುವುದೋ, ಹಾಗೆಯೇ ಬೋಲ್ಟು ಕೂಡ ಎರಡು ಭಾಗಗಳ ನಡುವೆ ಅಡ್ಡ ನಿಲ್ಲುವ ಒಂದು ಗೂಟವೆಂದು ಬಹುಮಂದಿ ಭಾವಿಸುತ್ತಾರೆ. ವಾಸ್ತವವಾಗಿ ಬೋಲ್ಟಿನ ಧರ್ಮವೇ ಬೇರೆ. ನಟ್ಟನ್ನು ತಿರುಗಿಸಿ ಬಿಗಿದಂತೆಲ್ಲ ಬೋಲ್ಟಿನ ದಂಡವು ಕಣ್ಣಿಗೆ ಕಾಣದಷ್ಟು ಉದ್ದವಾಗಿ ಹಿಗ್ಗುತ್ತದೆ. ಉಕ್ಕಿನಲ್ಲಿ ಸಹಜವಾಗಿರುವ ಸ್ಥಿತಿಸ್ಥಾಪಕತ್ವದಿಂದ ಅದು ಮತ್ತೆ ಕುಗ್ಗಲು ಹವಣಿಸಿ, ನಡುವೆ ಸಿಕ್ಕಿದ ಭಾಗಗಳನ್ನು ಒಂದಕ್ಕೊಂದು ಅದುಮುತ್ತದೆ. ಆ ಅದುಮುವಿಕೆಯಿಂದ ಹುಟ್ಟುವ ಘರ್ಷಣೆಯೇ ಎಂಜಿನ್ನು ಚೌಕಟ್ಟಿನ ಮೇಲೆ ಅತ್ತಿತ್ತ ಸರಿಯದಂತೆ ಹಿಡಿದಿಡುತ್ತದೆ. 8 ಮಿಲಿಮೀಟರ್ ವ್ಯಾಸದ ಉತ್ತಮ ಉಕ್ಕಿನ ಬೋಲ್ಟೊಂದನ್ನು ಸರಿಯಾಗಿ ಬಿಗಿದಾಗ ಅದು ಸುಮಾರು 1600 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಭಾಗಗಳನ್ನು ಅಪ್ಪಿ ಹಿಡಿಯುತ್ತದೆ. ಅಂದರೆ ಒಂದು ಬೆರಳಿನಷ್ಟೂ ದಪ್ಪವಿಲ್ಲದ ಈ ಸಲಾಕೆಯು ಜಾವಾ ಗಾಡಿಯ ತೂಕದ ಸರಿಸುಮಾರು ಹತ್ತುಮಡಿ ಬಲವನ್ನು ಅಹೋರಾತ್ರಿ ಪ್ರಯೋಗಿಸುತ್ತಲೇ ಇರುತ್ತದೆ. ಆದುದರಿಂದ ಬೋಲ್ಟಿನ ಬಲವು ಅದರ ಗಾತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ಬಿಗಿತದಲ್ಲಿದೆ. ಸಡಿಲವಾದ ಬೋಲ್ಟು ರಂಧ್ರದಲ್ಲಿ ಇದ್ದೂ ಇಲ್ಲದಂತೆಯೇ.

ಬಿಗಿತವು ತಪ್ಪಿದಾಗ ಏನಾಗುತ್ತದೆಂಬುದನ್ನು ಗಮನಿಸಿ. ಒಂಟಿ ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗುವಾಗ, ಒಂದು ಗಂಟೆಯ ಪ್ರಯಾಣದಲ್ಲಿ ಪಿಸ್ಟನ್ನಿನ ಏರಿಳಿತದಿಂದ 2,40,000 ಆಘಾತಗಳು ಚೌಕಟ್ಟಿಗೆ ತಗಲುತ್ತವೆ. ಬಿಗಿಯಾಗಿರುವ ಜೋಡಣೆಯಲ್ಲಿ ಈ ಆಘಾತಗಳ ಅಲ್ಪಾಂಶ ಮಾತ್ರ ಬೋಲ್ಟಿಗೆ ಮುಟ್ಟುತ್ತದೆ. ಸಡಿಲವಾದ ಜೋಡಣೆಯಲ್ಲಾದರೋ ಪ್ರತಿಯೊಂದು ಆಘಾತವೂ ಅದನ್ನು ಬಾಗಿಸಿ ಬಿಡುತ್ತದೆ. ಹೀಗೆ ಲಕ್ಷೋಪಲಕ್ಷ ಸಲ ಬಾಗಿದ ಲೋಹವು, ಒಂದೇ ಸಲಕ್ಕೆ ಅದನ್ನು ಮುರಿಯಲು ಬೇಕಾದ ಬಲಕ್ಕಿಂತ ಬಹಳ ಕಡಿಮೆ ಬಲಕ್ಕೇ ಬಿರುಕುಬಿಡುತ್ತದೆ. ಲೋಹದ ಈ ದಣಿವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಗಳ ಅಚ್ಚುಗಳ ಮೇಲೆ ವ್ಯವಸ್ಥಿತವಾಗಿ ಪರೀಕ್ಷಿಸಿದವನು ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರು. ಒಂದು ಬೋಲ್ಟು ಮುರಿದು ಬಿದ್ದ ಮೇಲೂ ಗಾಡಿಯು ಓಡುತ್ತಲೇ ಇರುವುದರಿಂದ ಸವಾರನಿಗೆ ಅದರ ಅರಿವಾಗುವುದಿಲ್ಲ. ಆದರೆ ಅದು ಹೊರುತ್ತಿದ್ದ ಹೊರೆಯು ಅಂದಿನಿಂದಲೇ ನೆರೆಯ ಬೋಲ್ಟುಗಳ ಮೇಲೆ ಬೀಳುತ್ತದೆ. ದುಂಡಗಿದ್ದ ರಂಧ್ರಗಳು ಅಂಡಾಕಾರಕ್ಕೆ ಸವೆಯುತ್ತವೆ, ಚೌಕಟ್ಟಿನ ಬೆಸುಗೆಗಳಲ್ಲಿ ಕೂದಲೆಳೆಯ ಬಿರುಕುಗಳು ಕಾಣಿಸಿಕೊಳ್ಳುತ್ತವೆ, ಕೊನೆಗೊಮ್ಮೆ ಎಂಜಿನ್ನಿನ ಅಲ್ಯೂಮಿನಿಯಂ ಕವಚದ ಕಿವಿಯೇ ಮುರಿದು, ಕೆಲವು ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ಕಾರ್ಯವು ಸಾವಿರಾರು ರೂಪಾಯಿಗಳ ದುರಸ್ತಿಯಾಗಿ ಪರಿಣಮಿಸುತ್ತದೆ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯು ಸ್ಥಾಪಿತವಾದಂದಿನಿಂದ ನಮ್ಮ ದೇಶದಲ್ಲಿ ಹಬ್ಬಿದ ಬುಲೆಟ್ ಗಾಡಿಯಲ್ಲಿ ಈ ವಿಷಯವು ಇನ್ನೂ ಗಂಭೀರವಾದುದು. ಹಳೆಯ ಬುಲೆಟ್ಟಿನ ಚೌಕಟ್ಟಿನಲ್ಲಿ ಮುಂದಣ ಕೊಳವೆಯು ಎಂಜಿನ್ನಿನ ಮುಂಭಾಗದಲ್ಲಿಯೇ ಕೊನೆಗೊಂಡು, ಅಲ್ಲಿಂದ ಹಿಂದಕ್ಕೆ ಎಂಜಿನ್ನೇ ಚೌಕಟ್ಟಿನ ಒಂದು ಅಂಗವಾಗಿ ಹೊರೆಯನ್ನು ಹೊರುವುದರಿಂದ, ಅಲ್ಲಿ ಕಳೆದುಹೋದ ಬೋಲ್ಟು ಎಂದರೆ ಚೌಕಟ್ಟಿನಲ್ಲಿಯೇ ಉಂಟಾದ ಒಂದು ಭಂಗ. ಹಿಂಚಕ್ರದ ತೋಳಿನ ಕೀಲು, ಶಾಕ್ ಅಬ್ಸಾರ್ಬರುಗಳ ಬೋಲ್ಟು ಇವುಗಳಲ್ಲಿ ದೋಷ ಕಂಡರಂತೂ, ಅದು ಸರಿಯಾಗುವ ತನಕ ಗಾಡಿಯನ್ನು ಹತ್ತಲೇಬಾರದು.

ಮುರಿದ ಬೋಲ್ಟನ್ನು ಎಸೆಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ಏಕೆಂದರೆ ತಾನು ಮುರಿದ ಕಾರಣವನ್ನು ಅದು ತನ್ನ ಮುಖದ ಮೇಲೆಯೇ ಬರೆದುಕೊಂಡಿರುತ್ತದೆ. ಮುರಿದ ಮುಖದ ಬಹುಭಾಗ ನುಣುಪಾಗಿ, ಅದರ ಮೇಲೆ ಒಂದರ ಹಿಂದೊಂದು ಅರ್ಧಚಂದ್ರಾಕೃತಿಯ ಗೆರೆಗಳಿದ್ದು, ಒಂದು ಅಂಚಿನಲ್ಲಿ ಮಾತ್ರ ಒರಟಾಗಿದ್ದರೆ, ಬಿರುಕು ಬಹುದಿನಗಳಿಂದ ಮೆಲ್ಲಮೆಲ್ಲನೆ ಬೆಳೆದು ಕೊನೆಗೊಂದು ದಿನ ಮುರಿಯಿತೆಂದೂ, ಬಿಗಿತದ ಅಭಾವವೇ ಅದಕ್ಕೆ ಮೂಲವಿರಬಹುದೆಂದೂ ತಿಳಿಯಬಹುದು. ದಂಡವು ನಡುವೆ ಸಣ್ಣದಾಗಿ ಎಳೆದುಕೊಂಡಂತೆಯೋ ಹುರಿಗೊಂಡಂತೆಯೋ ಇದ್ದರೆ, ಅತಿಯಾಗಿ ಬಿಗಿದ ಕೈಯೇ ಅದನ್ನು ಮುರಿದದ್ದು. ಜೋಡಣೆಯ ಸುತ್ತಲೂ ಕೆಂಗಂದು ಬಣ್ಣದ ನಯವಾದ ಪುಡಿ ಕಂಡರೆ, ಲೋಹವು ಲೋಹದೊಡನೆ ಉಜ್ಜುತ್ತಿದೆಯೆಂದು ಅರ್ಥ. ಕಾರಣವನ್ನು ಅರಿಯದೆ ಹಾಕಿದ ಹೊಸ ಬೋಲ್ಟು ಹಳೆಯದರ ಗತಿಯನ್ನೇ ಹಿಡಿಯುವುದರಲ್ಲಿ ಸಂದೇಹವಿಲ್ಲ.

ಒಳಗೆ ಉಳಿದ ತುಂಡನ್ನು ಹೊರತೆಗೆಯುವುದು ತಾಳ್ಮೆಯ ಕೆಲಸ. ಮೊದಲು ಎಂಜಿನ್ನಿನ ಕೆಳಗೆ ಮರದ ದಿಮ್ಮಿಯನ್ನೋ ಜಾಕನ್ನೋ ಇಟ್ಟು ಅದರ ಭಾರವನ್ನು ಹೊರಿಸಿ, ತುಕ್ಕುಬಿಡಿಸುವ ಎಣ್ಣೆಯನ್ನು ಹನಿಸಿ ಒಂದು ರಾತ್ರಿ ಬಿಡುವುದು ಮೇಲು. ತುಂಡಿನ ತುದಿಯು ಹೊರಗೆ ಚಾಚಿಕೊಂಡಿದ್ದರೆ, ಅದರ ಮೇಲೊಂದು ನಟ್ಟನ್ನಿರಿಸಿ ಒಳಗಿನಿಂದ ಬೆಸುಗೆ ಹಾಕಿಸಿ, ಪಾನಾದಿಂದ ತಿರುಗಿಸುವುದು ಅತ್ಯಂತ ಸಫಲವಾದ ಉಪಾಯ. ಬೆಸುಗೆಯ ಕಾವೇ ತುಕ್ಕಿನ ಹಿಡಿತವನ್ನು ಸಡಿಲಿಸುತ್ತದೆ. ಬೆಸುಗೆಗೆ ಮೊದಲು ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಡುವುದನ್ನು ಮರೆಯಲಾಗದು. ತುಂಡು ಅಲ್ಯೂಮಿನಿಯಂ ಕವಚದಲ್ಲಿ ಸಿಕ್ಕಿಕೊಂಡಿದ್ದರೆ ಕವಚವನ್ನು ಹದವಾಗಿ ಬಿಸಿಮಾಡಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಮೆ ಎರಡರಷ್ಟು ಹಿಗ್ಗುವುದರಿಂದ ರಂಧ್ರವು ಅಗಲವಾಗಿ ಹಿಡಿತ ಬಿಡುತ್ತದೆ. ತುಂಡು ಒಳಗೆ ಅಡಗಿದ್ದರೆ, ಅದರ ನಟ್ಟನಡುವೆ ಪಂಚಿನಿಂದ ಗುರುತು ಹಾಕಿ, ಎಡಕ್ಕೆ ತಿರುಗುವ ಡ್ರಿಲ್ಲಿನಿಂದ ಕೊರೆಯುವುದು ಉಚಿತ. ಎಷ್ಟೋ ವೇಳೆ ಕೊರೆಯುತ್ತಿರುವಾಗಲೇ ತುಂಡು ತಾನಾಗಿ ಹೊರಬರುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ಸಾಧನವನ್ನು ಬಳಸುವವರು ಮಾತ್ರ ಜಾಗರೂಕರಾಗಿರಬೇಕು. ಅದು ಬಹು ಕಠಿಣವಾದ, ಆದಕಾರಣ ಪೆಡಸಾದ ಉಕ್ಕಿನಿಂದ ಮಾಡಿದ್ದಾಗಿ, ಒಳಗೆ ಮುರಿದುಕೊಂಡರೆ ಸಾಮಾನ್ಯ ಡ್ರಿಲ್ಲಿಗೆ ಮಣಿಯುವುದಿಲ್ಲ. ಥ್ರೆಡ್ಡು ಹಾಳಾಗಿದ್ದರೆ, ರಂಧ್ರವನ್ನು ಸ್ವಲ್ಪ ಹಿರಿದು ಮಾಡಿ ಉಕ್ಕಿನ ತಂತಿಯ ಸುರುಳಿಯನ್ನು, ಅಂದರೆ ಹೆಲಿಕಾಯಿಲನ್ನು ಕೂರಿಸಿದಲ್ಲಿ, ಹಳೆಯ ಅಳತೆಯ ಬೋಲ್ಟೇ ಮೊದಲಿಗಿಂತ ದೃಢವಾಗಿ ನಿಲ್ಲುತ್ತದೆ.

ಇನ್ನು ಹೊಸ ಬೋಲ್ಟಿನ ಆಯ್ಕೆ. ಇಲ್ಲಿ ಮೊದಲು ಎದುರಾಗುವ ಪ್ರಶ್ನೆ ಥ್ರೆಡ್ಡಿನದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್ಡುಗಳಿಗೆ 55 ಡಿಗ್ರಿ ಕೋನದ ಒಂದು ಸಮಾನ ಪ್ರಮಾಣವನ್ನು ಸೂಚಿಸುವವರೆಗೆ ಪ್ರತಿಯೊಂದು ಕಾರ್ಖಾನೆಗೂ ಅದರದೇ ಅಳತೆಯಿದ್ದಿತು. ಆಮೇಲೆಯೂ ಬ್ರಿಟಿಷ್ ಸೈಕಲ್ ತಯಾರಕರು ಅಂಗುಲಕ್ಕೆ 26 ಸುತ್ತುಗಳ, 60 ಡಿಗ್ರಿ ಕೋನದ ತಮ್ಮದೇ ಸಣ್ಣ ಥ್ರೆಡ್ಡನ್ನು ರೂಢಿಸಿಕೊಂಡರು. ಇಂಗ್ಲೆಂಡಿನ ನಕ್ಷೆಯಿಂದ ಹುಟ್ಟಿದ ಹಳೆಯ ಬುಲೆಟ್ಟು ಈ ಬ್ರಿಟಿಷ್ ಅಳತೆಗಳನ್ನು ಬಹುಕಾಲ ಉಳಿಸಿಕೊಂಡಿತು. ಚೆಕೊಸ್ಲೊವಾಕಿಯಾದ ನಕ್ಷೆಯಿಂದ ಬಂದ ಜಾವಾ ಮತ್ತು ಯೆಜ್ದಿಗಳು ಮೆಟ್ರಿಕ್ ಅಳತೆಯವು. ಮೋಸವಿರುವುದು ಇವೆರಡರ ಸಾಮೀಪ್ಯದಲ್ಲಿ. 5/16 ಅಂಗುಲವೆಂದರೆ 7.94 ಮಿಲಿಮೀಟರ್, ಅಂಗುಲಕ್ಕೆ 26 ಸುತ್ತುಗಳೆಂದರೆ ಸುತ್ತಿಗೆ 0.977 ಮಿಲಿಮೀಟರ್. ಇಂಥ ರಂಧ್ರಕ್ಕೆ 1 ಮಿಲಿಮೀಟರ್ ಥ್ರೆಡ್ಡಿನ 8 ಮಿಲಿಮೀಟರ್ ಬೋಲ್ಟನ್ನು ಹಾಕಿದರೆ ಮೊದಲ ಕೆಲವು ಸುತ್ತು ಕೂಡಿಕೊಂಡಂತೆ ತೋರಿ, ಆಮೇಲೆ ಬಿಗಿಯತೊಡಗುತ್ತದೆ. ಆ ಬಿಗಿಯನ್ನು ತುಕ್ಕೆಂದು ಭ್ರಮಿಸಿ ಪಾನಾದಿಂದ ಬಲವಂತಪಡಿಸಿದವನು ಎರಡು ಥ್ರೆಡ್ಡುಗಳನ್ನೂ ಕೆಡಿಸುತ್ತಾನೆ. ಆದಕಾರಣ ಕೆಲವೇ ರೂಪಾಯಿಗಳ ಥ್ರೆಡ್ ಗೇಜನ್ನಿಟ್ಟು ಅಳೆಯುವುದೂ, ಬೋಲ್ಟು ಕೈಬೆರಳುಗಳಿಂದಲೇ ಕಡೆಯ ತನಕ ತಿರುಗುವುದೆಂಬುದನ್ನು ಖಚಿತಪಡಿಸಿಕೊಳ್ಳುವುದೂ ತಪ್ಪದೆ ನಡೆಯಬೇಕಾದ ಕ್ರಮಗಳು.

ಎರಡನೆಯದು ಉಕ್ಕಿನ ದರ್ಜೆ. ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚೊತ್ತಿರುವ ಅಂಕೆಗಳು ಅಲಂಕಾರಕ್ಕಾಗಿ ಇರುವುವಲ್ಲ. ಮೊದಲ ಅಂಕೆಯನ್ನು ನೂರರಿಂದ ಗುಣಿಸಿದರೆ ಆ ಉಕ್ಕು ಹರಿಯುವ ಮೊದಲು ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಸೆಳೆತವನ್ನು ತಡೆದುಕೊಳ್ಳುವುದೆಂಬುದು ತಿಳಿಯುತ್ತದೆ. ಎರಡನೆಯ ಅಂಕೆಯು ಆ ಸೆಳೆತದ ಎಷ್ಟನೆಯ ದಶಮಾಂಶದಲ್ಲಿ ಉಕ್ಕು ಮತ್ತೆ ಕುಗ್ಗಲಾರದಂತೆ ಹಿಗ್ಗಿಬಿಡುವುದೆಂಬುದನ್ನು ಹೇಳುತ್ತದೆ. ಹೀಗೆ 8.8ರ ಮಿತಿ 640 ಆದರೆ, ಮೆದು ಉಕ್ಕಿನ 4.6ರದು 240 ಮಾತ್ರ. ಮೂಲದಲ್ಲಿದ್ದ ದರ್ಜೆಗೆ ಕಡಿಮೆಯಾಗದಂತೆ, ಸಾಮಾನ್ಯವಾಗಿ 8.8ಕ್ಕೆ ಇಳಿಯದಂತೆ ಆರಿಸುವುದು ಚೌಕಟ್ಟಿನ ಬೋಲ್ಟುಗಳ ವಿಷಯದಲ್ಲಿ ಕ್ಷೇಮಕರ. ತುಕ್ಕು ಹಿಡಿಯದೆಂಬ ಕಾರಣಕ್ಕೆ ಜನರು ಮೆಚ್ಚುವ ಸ್ಟೇನ್‌ಲೆಸ್ ಉಕ್ಕಿನ ಸಾಧಾರಣ ಬೋಲ್ಟಿನ ಈ ಮಿತಿಯು 450ನ್ನು ಮಾತ್ರ ಮುಟ್ಟುವುದರಿಂದ, ಹೊರೆ ಹೊರುವ ಎಡೆಗಳಲ್ಲಿ ಅದು ಯೋಗ್ಯವಲ್ಲ. ಅತ್ಯುಚ್ಚ ದರ್ಜೆಯ ಬೋಲ್ಟುಗಳಿಗೆ ಅಂದಕ್ಕಾಗಿ ಕ್ರೋಮಿಯಂ ಲೇಪ ಹಾಕಿಸುವುದೂ ಅಪಾಯಕರ. ಲೇಪದ ಕ್ರಿಯೆಯಲ್ಲಿ ಜಲಜನಕವು ಉಕ್ಕಿನೊಳಕ್ಕೆ ಸೇರಿ ಅದನ್ನು ಪೆಡಸು ಮಾಡಬಲ್ಲುದು. ಮೂರನೆಯದಾಗಿ ಉದ್ದ: ಎರಡು ಫಲಕಗಳು ಸಂಧಿಸುವ ಎಡೆಯಲ್ಲಿ ಬೋಲ್ಟಿನ ನುಣುಪಾದ ದಂಡವಿರಬೇಕೇ ಹೊರತು ಥ್ರೆಡ್ಡಿರಬಾರದು, ಏಕೆಂದರೆ ಥ್ರೆಡ್ಡಿನ ಕಣಿವೆಯಲ್ಲಿಯೇ ಬಿರುಕು ಮೊಳೆಯುತ್ತದೆ. ನಟ್ಟಿನಾಚೆಗೆ ಎರಡು ಮೂರು ಸುತ್ತು ಕಾಣಿಸುವಷ್ಟು ಉದ್ದವೇ ಸಾಕು.

ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ತೂರಿಸಿ, ಆಮೇಲೆ ಒಂದೊಂದಾಗಿ ಬಿಗಿಯಬೇಕು. ರಂಧ್ರಗಳು ಒಂದಕ್ಕೊಂದು ನೇರವಾಗದಿದ್ದರೆ ಸುತ್ತಿಗೆಯಿಂದ ಬೋಲ್ಟನ್ನು ಬಡಿಯುವುದಾಗಲಿ, ಎಂಜಿನ್ನಿಗೂ ಅದನ್ನು ಚೌಕಟ್ಟಿಗೆ ಹಿಡಿಸುವ ಫಲಕಕ್ಕೂ ನಡುವಣ ಅಂತರವನ್ನು ಬೋಲ್ಟಿನ ಬಲದಿಂದಲೇ ಎಳೆದು ಮುಚ್ಚುವುದಾಗಲಿ ಸಲ್ಲದು. ಹಾಗೆ ಮಾಡಿದರೆ ಗಾಡಿ ನಿಂತಿರುವಾಗಲೂ ಚೌಕಟ್ಟು ಒತ್ತಡದಲ್ಲಿಯೇ ಇರುತ್ತದೆ. ಅಂತರಕ್ಕೆ ತಕ್ಕ ದಪ್ಪದ ವಾಷರನ್ನು ತುಂಬುವುದೇ ಸರಿಯಾದ ದಾರಿ. ಬಿಗಿತದ ಪ್ರಮಾಣವನ್ನು ಆಯಾ ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಅದು ದೊರೆಯದಿದ್ದಲ್ಲಿ 8.8 ದರ್ಜೆಯ 8 ಮಿಲಿಮೀಟರ್ ಬೋಲ್ಟು ಉಕ್ಕಿನ ನಟ್ಟಿನೊಡನೆ ಸುಮಾರು 25 ನ್ಯೂಟನ್-ಮೀಟರನ್ನೂ, 10 ಮಿಲಿಮೀಟರಿನದು ಸುಮಾರು 50ನ್ನೂ ಸಹಿಸುತ್ತದೆಂಬುದು ಸಾಮಾನ್ಯ ಲೆಕ್ಕ. ತಿರುಗಿಸುವ ಶ್ರಮದ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ವ್ಯಯವಾಗಿ, ಉಳಿದ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುವುದರಿಂದ, ಥ್ರೆಡ್ಡು ಕೊಳೆಯಾಗಿದ್ದರೆ ಪಾನಾ ಬಿಗಿಯೆನಿಸಿದರೂ ಜೋಡಣೆ ಸಡಿಲವಾಗಿರಬಹುದು. ಎಣ್ಣೆ ಹೆಚ್ಚಾಗಿದ್ದರೆ ಅದೇ ಅಳತೆಗೆ ಬೋಲ್ಟು ಮಿತಿಮೀರಿ ಹಿಗ್ಗಬಹುದು. ಚೌಕಟ್ಟಿಗೆ ಹೊಸದಾಗಿ ಬಣ್ಣ ಬಳಿಸಿದ್ದರೆ, ಬೋಲ್ಟಿನ ತಲೆ ಕೂರುವಷ್ಟು ಎಡೆಯಲ್ಲಿ ಅದನ್ನು ಕೆರೆದು ತೆಗೆಯಬೇಕು; ದಪ್ಪ ಬಣ್ಣವು ಕಾಲಕ್ರಮದಲ್ಲಿ ಅದುಮಿಕೊಂಡಂತೆ ಬಿಗಿತವೂ ಇಳಿಯುತ್ತದೆ. ಅಡ್ಡಡ್ಡಲಾದ ಕಂಪನವೇ ನಟ್ಟನ್ನು ತಾನಾಗಿ ಬಿಚ್ಚಿಸುವುದೆಂದು 1969ರಲ್ಲಿ ಗೆರ್ಹಾರ್ಡ್ ಯುಂಕರ್ ತೋರಿಸಿಕೊಟ್ಟ ಮೇಲೆ, ಸ್ಪ್ರಿಂಗ್ ವಾಷರಿನ ಮೇಲೆ ನಮಗಿದ್ದ ಭರವಸೆಗೆ ಹೆಚ್ಚು ಆಧಾರವುಳಿದಿಲ್ಲ. ನೈಲಾನ್ ಉಂಗುರದ ನಟ್ಟೂ ಥ್ರೆಡ್ಡಿಗೆ ಹಚ್ಚುವ ಅಂಟೂ ಅದಕ್ಕಿಂತ ಮೇಲು, ಸರಿಯಾದ ಬಿಗಿತವಾದರೋ ಎಲ್ಲಕ್ಕಿಂತ ಮೇಲು. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸುವುದು ಅವಶ್ಯಕ. ಅಂಟು ಹಚ್ಚಿದ ಬೋಲ್ಟನ್ನು ಮಾತ್ರ ಮತ್ತೆ ತಿರುಗಿಸಬಾರದು; ಅದು ಸಡಿಲವಾಗಿದ್ದರೆ ಬಿಚ್ಚಿ, ಶುಚಿಮಾಡಿ, ಹೊಸದಾಗಿ ಅಂಟು ಹಚ್ಚಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೂ, ಶಿವಾಜಿನಗರದ ಗುಜರಿಯಲ್ಲಿ ಅಲೆದರೂ, ಹಳೆಯ ಗಾಡಿಯ ಮೂಲ ಬೋಲ್ಟು ದೊರೆಯುವ ದಿನಗಳು ಕಡಿಮೆಯಾಗುತ್ತ ಬಂದಿವೆ. ಆದರೆ ಬೋಲ್ಟು ಮೂಲದ್ದೇ ಆಗಬೇಕೆಂಬ ನಿಯಮವಿಲ್ಲ. ವ್ಯಾಸ, ಥ್ರೆಡ್ಡು, ದಂಡದ ಉದ್ದ, ದರ್ಜೆ ಇವು ನಾಲ್ಕೂ ತಿಳಿದಿದ್ದರೆ ಒಳ್ಳೆಯ ಹಾರ್ಡ್‌ವೇರ್ ಅಂಗಡಿಯೋ ನುರಿತ ಲೇತ್ ಕೆಲಸಗಾರನೋ ಅದನ್ನು ಒದಗಿಸಿಕೊಡಬಲ್ಲರು. ಕಾರ್ಖಾನೆ ಮುಚ್ಚಿಹೋದರೂ ಈ ಅಳತೆಗಳು ಮಾತ್ರ ನಷ್ಟವಾಗಕೂಡದು. ಆದುದರಿಂದ ಹಳೆಯ ಗಾಡಿಯನ್ನು ಇಟ್ಟುಕೊಂಡ ಪ್ರತಿಯೊಬ್ಬರೂ ಚೌಕಟ್ಟಿನ ಪ್ರತಿಯೊಂದು ಬೋಲ್ಟಿನ ಈ ನಾಲ್ಕು ವಿವರಗಳನ್ನೂ, ಅದನ್ನು ಬಿಗಿದ ಪ್ರಮಾಣವನ್ನೂ, ಬದಲಾಯಿಸಿದ ದಿನಾಂಕವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಗಾಡಿಯನ್ನು ಮಾರುವಾಗ ನೋಂದಣಿ ಪತ್ರದೊಡನೆ ಆ ಪುಸ್ತಕವನ್ನೂ ಹಸ್ತಾಂತರಿಸುವ ಪದ್ಧತಿಯನ್ನು ರೂಢಿಸಿಕೊಳ್ಳಬೇಕೆಂದು ನನ್ನ ಬಲವಾದ ಅಭಿಪ್ರಾಯ. ಮುಂದೆ ಅದನ್ನು ಓಡಿಸುವವರು ಯಾರೇ ಆಗಿರಲಿ, ಅವರ ಪ್ರಾಣವು ಅದೇ ಬೋಲ್ಟುಗಳ ಬಿಗಿತವನ್ನೇ ನಂಬಿಕೊಂಡಿರುತ್ತದೆ.