ಗಾಳದ ಹವ್ಯಾಸವೂ ಮಲೆನಾಡಿನ ಬಿಡಾರವೂ

ಚೈತ್ರ ಕಳೆದು ವೈಶಾಖ ಕಾಲಿಡುವ ವೇಳೆಗೆ ಬಯಲುಸೀಮೆಯ ಪಟ್ಟಣಗಳಲ್ಲಿರುವ ಗೃಹಸ್ಥರ ಮನಸ್ಸು ಮಲೆನಾಡಿನ ಕಡೆಗೆ ಹರಿಯುವುದು ಸಹಜ. ಮಕ್ಕಳ ಪರೀಕ್ಷೆಗಳು ಮುಗಿದಿರುತ್ತವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ಹೂಮಳೆ ಬಿದ್ದು, ಬೆಳ್ಳನೆಯ ಹೂವು ಅರಳಿ ಉದುರಿ, ಕಾಯಿ ಕಚ್ಚುವ ಕಾಲ ಬಂದಿರುತ್ತದೆ. ಹೀಗೆ ಹೊರಡುವವರಲ್ಲಿ ಹಾಸಿಗೆ ಹೊದಿಕೆಗಳ ಜತೆಗೆ ಗಾಳದ ಕೋಲನ್ನೂ ಕಟ್ಟಿಕೊಳ್ಳುವವರು ಈಗ ಅಲ್ಲಲ್ಲಿ ಕಾಣುತ್ತಾರೆ. ಹೊಳೆಯ ಬದಿಯಲ್ಲಿ ಯಾವ ಬಿಡಾರವನ್ನು ಹಿಡಿದರೆ ಒಳ್ಳೆಯದೆಂಬುದೇ ಅಂತಹವರ ಮುಖ್ಯವಾದ ಪ್ರಶ್ನೆ. ಮಂಚ, ಊಟ, ಬಿಸಿನೀರುಗಳನ್ನು ವಿಚಾರಿಸುವುದಕ್ಕೆ ಮೊದಲು ಹೊಳೆಯ ನೀರನ್ನು ವಿಚಾರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅದರ ಕಾರಣವನ್ನು ಇಲ್ಲಿ ವಿವರಿಸುತ್ತೇವೆ.

ಗಾಳದಲ್ಲಿ ಬಗೆಗಳು ಹಲವು. ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ ದಡದಲ್ಲಿ ಕಾದು ಕುಳಿತಿರುವುದು ನಮ್ಮ ಹಳ್ಳಿಗಳ ಪುರಾತನ ಪದ್ಧತಿ. ಹಕ್ಕಿಯ ಗರಿಯನ್ನು ನೂಲಿನಿಂದ ಗಾಳಕ್ಕೆ ಬಿಗಿದು, ರೆಕ್ಕೆಯ ಹುಳುವಿನ ಆಕಾರವನ್ನು ಮಾಡಿ, ತೂಕವುಳ್ಳ ದಾರವನ್ನು ಬೀಸಿ ಅದನ್ನು ಹಗುರವಾಗಿ ನೀರಿನ ಮೇಲೆ ಇಳಿಸುವುದು ಮತ್ತೊಂದು ಬಗೆ. ಇದನ್ನು ನಾವು ಗರಿಗಾಳವೆಂದು ಕರೆಯೋಣ. ಇದಕ್ಕೆ ತಿಳಿನೀರು ಬೇಕು. ಬೀಸುವವನ ಬೆನ್ನ ಹಿಂದೆ ಮರಗಿಡಗಳಿಲ್ಲದ ಬಯಲೂ ಬೇಕು. ಐರೋಪ್ಯರು ಈ ವಿದ್ಯೆಯನ್ನು ತಮ್ಮ ನಾಡಿನ ಟ್ರೌಟ್ ಮೀನಿಗಾಗಿ ಬೆಳೆಸಿಕೊಂಡರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ನೀಲಗಿರಿಯ ತಣ್ಣನೆಯ ತೊರೆಗಳಲ್ಲಿ ಆ ಮೀನು ನೆಲೆಗೊಂಡಿತು. ಕಳಸ ಮೂಡಿಗೆರೆಗಳ ಹೊಳೆಗಳು ಅಷ್ಟು ಎತ್ತರದಲ್ಲಿಲ್ಲ, ಅಷ್ಟು ಶೀತಲವೂ ಅಲ್ಲ. ಆದುದರಿಂದ ತಮ್ಮ ಹೊಳೆಯಲ್ಲಿ ಟ್ರೌಟ್ ಉಂಟೆಂದು ಬಿಡಾರದವರು ಯಾರಾದರೂ ಹೇಳಿದರೆ, ಮುಂದಿನ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ನಮ್ಮ ಹೊಳೆಗಳ ರಾಜನೆಂದರೆ ಮಹಸೀರ್. ದೊಡ್ಡ ಹುರುಪೆಯ, ದಪ್ಪ ತುಟಿಯ, ಪ್ರವಾಹಕ್ಕೆ ಎದುರಾಗಿ ಈಜುವ ಬಲಶಾಲಿಯಾದ ಮೀನು ಇದು. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ಭಾರತದ ಗಾಳಗಾರಿಕೆಯ ವಿಷಯದಲ್ಲಿ ೧೮೭೩ರಲ್ಲಿ ಮಂಗಳೂರಿನಿಂದಲೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಈ ಮೀನಿಗೆ ಪ್ರಧಾನ ಸ್ಥಾನವುಂಟು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋಗ್ರಾಂ ತೂಕದ ಮಹಸೀರನ್ನು ಗಾಳದಿಂದ ಎತ್ತಿದರು. ಅಂತಹ ಮೀನು ಇಂದು ಕಥೆಯಾಗಿದೆ. ಕಾವೇರಿಯ ಬೆನ್ನುಬ್ಬಿನ ಮಹಸೀರ್ ಜಾತಿಯನ್ನು ೨೦೧೮ರಲ್ಲಿ ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮರಿಗಳು ಹೆಚ್ಚಿ, ಮೂಲದ ಮೀನು ಹಿಂದೆ ಸರಿದದ್ದೂ ಅದರ ಕಾರಣಗಳಲ್ಲಿ ಒಂದೆಂದು ಮೀನುಶಾಸ್ತ್ರಜ್ಞರು ಹೇಳುತ್ತಾರೆ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ತಿಳಿವಳಿಕೆಯಿಲ್ಲದಿದ್ದರೆ ಕೇಡಾಗುವುದಕ್ಕೆ ಇದೊಂದು ನಿದರ್ಶನ.

ಈಗ ವಸಂತದ ಕೊನೆಯ ದಿನಗಳನ್ನು ಯೋಚಿಸೋಣ. ಆಗ ಹೊಳೆಗಳು ವರ್ಷದಲ್ಲೇ ಅತ್ಯಂತ ಬಡವಾಗಿರುತ್ತವೆ. ರೊಬಸ್ಟಾ ತೋಟಗಳಿಗೆ ಹೂವಿನ ಕಾಲದಲ್ಲಿ ಪಂಪು ಹಚ್ಚಿ ನೀರೆತ್ತಿದ್ದರಿಂದ ಸಣ್ಣ ಹಳ್ಳಗಳು ಇನ್ನೂ ಸೊರಗಿರುತ್ತವೆ. ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಡು ಮಾತ್ರ ಉಳಿದು, ಮೈಲಿಗಟ್ಟಲೆ ಹೊಳೆಯ ಮೀನೆಲ್ಲ ಆ ಮಡುಗಳಲ್ಲಿ ಸೇರಿರುತ್ತದೆ. ಮುಂಗಾರು ಹಿಡಿದು ಹೊಳೆ ತುಂಬಿದ ಮೇಲೆ ಪ್ರವಾಹಕ್ಕೆ ಏರಿ ಮೊಟ್ಟೆಯಿಡಬೇಕಾದ ತಾಯಿಮೀನುಗಳೂ ಅವುಗಳಲ್ಲಿಯೇ ಇರುತ್ತವೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುವುದರಿಂದ, ಬಹಳ ಹೊತ್ತು ಎಳೆದಾಡಿಸಿದ ಮೀನನ್ನು ಹಿಂದಕ್ಕೆ ಬಿಟ್ಟರೂ ಅದು ಬದುಕುವುದು ಕಷ್ಟ. ಸಿಡಿಮದ್ದು ಹಾಕುವವರು ಮತ್ತು ವಿಷ ಕದಡುವವರು ಹೊಂಚುವುದೂ ಇದೇ ಕಾಲದಲ್ಲಿ. ೧೮೯೭ರ ಕಾನೂನೇ ಈ ಎರಡನ್ನೂ ಅಪರಾಧವೆಂದು ಸಾರಿತ್ತು. ಆದರೂ ಆ ಪಾಪ ಪೂರ್ಣವಾಗಿ ನಿಂತಿಲ್ಲ. ಹೀಗಿರುವಾಗ ಒಂದು ಮಡುವಿನ ಬದಿಯಲ್ಲಿ ಬಿಡಾರ ನಡೆಸುವವನು ಆ ಹೊಳೆಗೆ ಕಾವಲುಗಾರನೂ ಆಗಬಲ್ಲನು, ಕಳ್ಳನೂ ಆಗಬಲ್ಲನು. ನಮ್ಮ ಹಣ ಈ ಇಬ್ಬರಲ್ಲಿ ಯಾರ ಕೈ ಸೇರುತ್ತದೆಂಬುದನ್ನು ನಾವು ಯೋಚಿಸಲೇಬೇಕು.

ಎಲ್ಲಿ ಗಾಳ ಹಾಕಬಹುದು, ಎಲ್ಲಿ ಕೂಡದು ಎಂಬುದನ್ನು ಮೊದಲು ತಿಳಿಯತಕ್ಕದ್ದು. ಭದ್ರೆ ಹುಟ್ಟುವ ಗಂಗಾಮೂಲವು ಕುದುರೆಮುಖದ ರಾಷ್ಟ್ರೀಯ ಉದ್ಯಾನದಲ್ಲಿದೆ. ಲಕ್ಕವಳ್ಳಿಯ ಜಲಾಶಯದ ಸುತ್ತ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ಇಂತಹ ಕಾಡುಗಳೊಳಗೆ ಗಾಳ ಬೀಸುವಂತಿಲ್ಲ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳು ಒಂದು ಕಾಲಕ್ಕೆ ಗಾಳಗಾರರಿಂದ ಹೆಸರಾಗಿದ್ದರೂ, ಅಭಯಾರಣ್ಯದ ಕಟ್ಟಳೆಯಿಂದಾಗಿ ಅಲ್ಲಿ ಆ ವಿನೋದವು ನಿಂತುಹೋಯಿತು. ಕಾಡಿನ ಹೊರಗಿನ ನದಿಯಲ್ಲಿಯೂ ಮೀನುಗಾರಿಕೆ ಇಲಾಖೆಯ ಅಪ್ಪಣೆಯನ್ನು ವಿಚಾರಿಸಿಕೊಳ್ಳಬೇಕು. ದೇವಾಲಯದ ಮಡುಗಳಂತೂ ಪವಿತ್ರವಾದವು. ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಬಳಿ ಯಾತ್ರಿಕರು ಎಸೆಯುವ ಪುರಿಗೆ ಮೀನುಗಳು ರಾಶಿಯಾಗಿ ಬರುವುದನ್ನು ನೋಡದವರು ವಿರಳ. ಮೂಡಿಗೆರೆಯ ಬೆಟ್ಟಗಳ ಪಶ್ಚಿಮದ ತಪ್ಪಲಿನಲ್ಲಿ ಶಿಶಿಲದ ಶಿಶಿಲೇಶ್ವರನ ಸನ್ನಿಧಿಯಲ್ಲಿಯೂ ಮಹಸೀರ್ ದೇವರ ಮೀನೆಂದು ಪೂಜ್ಯವಾಗಿದೆ. ಅಲ್ಲಿ ೧೯೯೬ರಲ್ಲಿ ದುಷ್ಟರು ನೀರಿಗೆ ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತವು. ಊರವರು ಎದೆಗುಂದದೆ ಉಳಿದವನ್ನು ಕಾಪಾಡಿಕೊಂಡು ಬಂದುದರಿಂದ ಮಡುವಿನಲ್ಲಿ ಮತ್ತೆ ಮೀನು ತುಂಬಿತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಈ ಸೀಮೆಯಲ್ಲಿ ಬಿಡಾರಗಳು ಮೂರು ತೆರನಾಗಿವೆ. ಮೊದಲನೆಯದು ಕಳಸ, ಹೊರನಾಡು, ಬಾಳೆಹೊನ್ನೂರುಗಳ ಸುತ್ತ ಭದ್ರೆಯ ದಡಕ್ಕೆ ಹತ್ತಿದ ಮನೆಗಳು. ಕುದುರೆಮುಖದ ಅದಿರುಗಣಿಯು ೨೦೦೫ರ ಕೊನೆಯಲ್ಲಿ ನಿಂತ ಮೇಲೆ ಭದ್ರೆಗೆ ಗಣಿಯ ಹೂಳಿನ ಪೀಡೆ ತಗ್ಗಿತು. ನೋಟಕ್ಕೆ ಇಂತಹ ಮನೆಗಳು ಉತ್ತಮ. ಆದರೆ ಕಾಡಿನ ಗಡಿ ಸಮೀಪವಾದುದರಿಂದ ಗಾಳದ ವಿಷಯದಲ್ಲಿ ಅತ್ಯಂತ ಎಚ್ಚರ ಬೇಕು. ಎರಡನೆಯದು ಮೂಡಿಗೆರೆಯ ಕಡೆ, ಹೇಮಾವತಿಗೆ ಸೇರುವ ಹಳ್ಳಗಳ ಮೇಲೆ ಸ್ವಂತ ಕೆರೆಯುಳ್ಳ ತೋಟದ ಮನೆಗಳು. ಮೂಡಿಗೆರೆಯಲ್ಲಿ ನೆಲೆಸಿ ೨೦೦೭ರಲ್ಲಿ ಅಗಲಿದ ಪೂರ್ಣಚಂದ್ರ ತೇಜಸ್ವಿಯವರು ಗಾಳದ ಪ್ರೇಮಿಗಳಾಗಿದ್ದುದನ್ನು ವಾಚಕರು ಬಲ್ಲರು. ಮೂರನೆಯದು ಚಿಕ್ಕಮಗಳೂರಿನ ಆಸುಪಾಸಿನಲ್ಲಿ, ಬಾಬಾಬುಡನ್ ಗಿರಿಯ ಬುಡದಲ್ಲಿರುವ ವಸತಿಗಳು. ಅಲ್ಲಿ ಹವೆಯುಂಟು, ಬೆಟ್ಟವುಂಟು, ಪೇಟೆಯೂ ವೈದ್ಯರೂ ಹತ್ತಿರ. ಬಾಗಿಲ ಮುಂದೆ ಹೊಳೆಯಿಲ್ಲ.

ಮಕ್ಕಳೊಂದಿಗೆ ಹೋಗುವ ಗೃಹಸ್ಥನಿಗೆ, ಅದರಲ್ಲಿಯೂ ಗರಿಗಾಳವನ್ನು ಹೊಸದಾಗಿ ಕಲಿಯುವವನಿಗೆ, ಈ ಮೂರರಲ್ಲಿ ಎರಡನೆಯದೇ ತಕ್ಕದ್ದೆಂದು ನಮಗೆ ತೋರುತ್ತದೆ. ಕೆರೆಯ ಏರಿಯ ಮೇಲೆ ದಾರ ಬೀಸಲು ಬಯಲಿರುತ್ತದೆ. ಮಾಲೀಕನೇ ಸಾಕಿದ ಮೀನಾದುದರಿಂದ ಹೊಳೆಯ ಸಂತತಿಗೆ ಹಾನಿಯಿಲ್ಲ. ಸಿಕ್ಕಿದ್ದನ್ನು ಅಡಿಗೆಮನೆಗೆ ಒಯ್ದರೂ ಮನಸ್ಸಿಗೆ ಅಳುಕಿಲ್ಲ. ಆದರೆ ಹಣ ಕಳುಹಿಸುವುದಕ್ಕೆ ಮೊದಲು ಮಾಲೀಕನೊಡನೆ ಮಾತನಾಡಿ ಕೆಲವು ಸಂಗತಿಗಳನ್ನು ಕೇಳಿಕೊಳ್ಳಬೇಕು. ಕೆರೆಯಲ್ಲಿ ಬಿಟ್ಟಿರುವ ಮೀನು ಯಾವುದು? ಕಾಟ್ಲಾ, ರೋಹುಗಳಾದರೆ ಚಿಂತೆಯಿಲ್ಲ. ಸರ್ಕಾರವು ನಿಷೇಧಿಸಿರುವ ಆಫ್ರಿಕದ ಕ್ಯಾಟ್‌ಫಿಶ್ ಆದರೆ, ಮಳೆಗಾಲದಲ್ಲಿ ಕೋಡಿಯ ನೀರಿನೊಡನೆ ಹೊಳೆಗಿಳಿದು ಅಲ್ಲಿನ ಮೀನನ್ನು ನುಂಗುವುದು. ಅಂತಹ ಮನೆಗೆ ಹೋಗಲಾಗದು. ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕೊಳಕು ನೀರು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ ಬಿಡದೆ ಗುಂಡಿಗಳಲ್ಲಿ ನಿಲ್ಲಿಸುವವನು ಹೊಳೆಯ ಮಿತ್ರನು. ಹೊಳೆಯಲ್ಲಿ ಗಾಳ ಹಾಕಿಸುವುದಾದರೆ ಅಪ್ಪಣೆಯ ಕಾಗದ ಉಂಟೆ? ಹಿಡಿದದ್ದನ್ನು ಮರಳಿ ಬಿಡುವ ನಿಯಮವುಂಟೆ? "ಅದೆಲ್ಲ ಏನೂ ಬೇಡ, ಇಲ್ಲಿ ಕೇಳುವವರಿಲ್ಲ" ಎಂಬ ಉತ್ತರ ಬಂದರೆ ಬೇರೆ ಮನೆಯನ್ನು ಹುಡುಕತಕ್ಕದ್ದು.

ಮೀನನ್ನು ಬಿಡುವುದಕ್ಕೂ ಕ್ರಮವುಂಟು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಬಿಡಬೇಕು. ನಸುಕಿನ ತಂಪಿನಲ್ಲಿ ಮಾತ್ರ ಬೀಸಬೇಕು. ಸಿಕ್ಕಿದ ಮೀನನ್ನು ಬೇಗನೆ ದಡಕ್ಕೆ ತಂದು, ನೀರಿನಲ್ಲಿಟ್ಟುಕೊಂಡೇ, ಒದ್ದೆ ಕೈಯಿಂದ ಗಾಳವನ್ನು ಬಿಡಿಸಬೇಕು. ಒಣಗಿದ ಕೈ ತಗುಲಿದರೆ ಅದರ ಮೈಯ ಲೋಳೆ ಕಿತ್ತುಹೋಗಿ ರೋಗ ಹತ್ತುವುದು. ಬಿಸಿಲೇರಿದ ಮೇಲೆ ಕೋಲನ್ನು ಮೂಲೆಗಿಟ್ಟು ಮಕ್ಕಳಿಗೆ ಹಕ್ಕಿಗಳನ್ನು ತೋರಿಸುವುದು ಒಳ್ಳೆಯದು.

ಕುಟುಂಬದ ಕ್ಷೇಮದ ವಿಷಯವಾಗಿಯೂ ಕೆಲವು ಮಾತುಗಳು ಅವಶ್ಯ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೂ ಕಾಣಿಸಿಕೊಳ್ಳುವುದುಂಟು. ಚಳಿಗಾಲದಿಂದ ಮುಂಗಾರಿನವರೆಗೆ ಅದರ ಭಯ ಹೆಚ್ಚು. ಅದನ್ನು ಹರಡುವುದು ಉಣುಗು. ಹತ್ತಿರದಲ್ಲಿ ಮಂಗಗಳು ಸತ್ತಿವೆಯೇ ಎಂದು ಮೊದಲೇ ಕೇಳಬೇಕು. ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬಾರದು. ಕಾಡಿನಿಂದ ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಮೀಯಬೇಕು. ಜ್ವರ ಬಂದರೆ ಕಾಡಿಗೆ ಹೋದುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮೂಡಿಗೆರೆಯ ತೋಟಗಳಲ್ಲಿ ಆನೆಗಳ ಸಂಚಾರವುಂಟು. ಕತ್ತಲಾದ ಮೇಲೆ ಹೊಳೆಯ ಕಡೆ ಹೋಗಕೂಡದು. ವೈಶಾಖದ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ. ನಾವು ನಿಂತ ಕಡೆ ಬಿಸಿಲಿದ್ದರೂ ಮೇಲಿನ ಘಟ್ಟದಲ್ಲಿ ಮಳೆ ಸುರಿದು ಹೊಳೆ ಹಠಾತ್ತಾಗಿ ಏರಬಹುದು. ನೀರಿನ ಬಣ್ಣ ಕೆಂಪಗೆ ತಿರುಗಿ ತರಗೆಲೆ ತೇಲಿಬಂದರೆ ಕೋಲು ದಾರಗಳ ಆಸೆಯನ್ನು ಬಿಟ್ಟು ದಡ ಹತ್ತತಕ್ಕದ್ದು. ಈಜು ಬಲ್ಲವನೂ ಗುರುತಿಲ್ಲದ ಮಡುವಿಗೆ ಇಳಿಯಕೂಡದು.

ಬಿಡಾರವನ್ನು ಆರಿಸುವಾಗ ಬಾಡಿಗೆ ಐನೂರು ರೂಪಾಯಿ ಹೆಚ್ಚೋ ಕಡಿಮೆಯೋ ಎಂದು ತೂಗುವುದು ಮನೆ ನಡೆಸುವವರ ಧರ್ಮವೇ ಸರಿ. ಆದರೆ ನಾವು ಹಿಂದಿರುಗಿದ ಒಂದೆರಡು ತಿಂಗಳಿನೊಳಗೆ ಮಳೆ ಹಿಡಿದು, ಮಡುಗಳು ಒಂದಾಗಿ, ತಾಯಿಮೀನುಗಳು ಮೇಲಕ್ಕೆ ಏರಬೇಕಾಗಿದೆಯೆಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. "ಸ್ವಾಮಿ, ಈ ವರ್ಷ ನೀರು ಬಹಳ ಇಳಿದಿದೆ, ಹೊಳೆಗೆ ಗಾಳ ಹಾಕುವುದು ಬೇಡ, ಕೆರೆಯಲ್ಲಿ ಹಾಕಿ" ಎಂದು ಬಂದ ಅತಿಥಿಗೆ ಹೇಳುವ ಧೈರ್ಯವುಳ್ಳ ಮಾಲೀಕನು ಎಲ್ಲಿರುವನೋ ಅಲ್ಲಿ ಇಳಿದುಕೊಳ್ಳುವುದು ಉತ್ತಮ. ಅಂತಹ ಮನೆಯಲ್ಲಿ ಅಕ್ಕಿರೊಟ್ಟಿಯೂ ಕಾಫಿಯೂ ಸಾಧಾರಣವಾಗಿದ್ದರೂ, ಮರುವರ್ಷ ಹೋದಾಗ ಹೊಳೆಯಲ್ಲಿ ಮೀನು ಇರುತ್ತದೆ.