ಲೌಂಡ್ಸ್ ಕೌಂಟಿ ಸ್ವಾತಂತ್ರ್ಯ ಸಂಘಟನೆ

ಲೌಂಡ್ಸ್ ಕೌಂಟಿ ಸ್ವಾತಂತ್ರ್ಯ ಸಂಘಟನೆಯು ಅಮೇರಿಕ ಸಂಯುಕ್ತ ಸಂಸ್ಥಾನದ ಅಲಬಾಮಾ ರಾಜ್ಯದಲ್ಲಿ 1965-66ರ ಅವಧಿಯಲ್ಲಿ ರೂಪುಗೊಂಡ ಸ್ವತಂತ್ರ ರಾಜಕೀಯ ಪಕ್ಷ. ಕಪ್ಪು ಜನಾಂಗದ ಗ್ರಾಮೀಣ ರೈತರೂ ಕೂಲಿಕಾರರೂ ಕಟ್ಟಿದ ಈ ಪಕ್ಷದ ಚಿಹ್ನೆ ಕಪ್ಪು ಚಿರತೆ.

ಹಿನ್ನೆಲೆ

ಲೌಂಡ್ಸ್ ಕೌಂಟಿಯು ಸೆಲ್ಮಾ ಮತ್ತು ಮಾಂಟ್ಗಾಮರಿ ನಗರಗಳ ನಡುವೆ ಇದೆ. ಅಂದಿನ ಜನಸಂಖ್ಯೆಯಲ್ಲಿ ಸುಮಾರು ಶೇಕಡ 80ರಷ್ಟು ಜನ ಕಪ್ಪು ಜನಾಂಗದವರಾಗಿದ್ದರೂ, 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಭೂಮಿಯ ಬಹುಭಾಗವು ಬಿಳಿಯ ಕುಟುಂಬಗಳ ಒಡೆತನದಲ್ಲಿತ್ತು. ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ಉಳುತ್ತಿದ್ದ ಗೇಣಿದಾರರಿಗೆ ದುಡಿಮೆ, ಸಾಲ, ವಾಸದ ಮನೆ ಎಲ್ಲವೂ ಭೂಮಾಲೀಕನಿಂದಲೇ ದೊರೆಯಬೇಕಾಗಿತ್ತು. ಆದುದರಿಂದ ಮತದಾನದ ಹಕ್ಕನ್ನು ಕೇಳುವುದೆಂದರೆ ಜೀವನೋಪಾಯವನ್ನೇ ಪಣಕ್ಕೆ ಒಡ್ಡುವುದಾಗಿತ್ತು.

ಸಂಘಟನೆ

ಸ್ಥಳೀಯ ಮುಖಂಡ ಜಾನ್ ಹ್ಯೂಲೆಟ್ ಮತ್ತು ಸಂಗಡಿಗರ ಜೊತೆಗೆ, ವಿದ್ಯಾರ್ಥಿ ಅಹಿಂಸಾತ್ಮಕ ಸಮನ್ವಯ ಸಮಿತಿಯ ಸ್ಟೋಕ್ಲಿ ಕಾರ್ಮೈಕಲ್ ಮೊದಲಾದ ಯುವಕರು ಮನೆಮನೆಗೆ ತೆರಳಿ ಜನರನ್ನು ಸಂಘಟಿಸಿದರು. 1965ರ ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾಯಿದೆ ಜಾರಿಗೆ ಬಂದ ಬಳಿಕ ನೋಂದಣಿ ಚುರುಕಾಯಿತು. ಹೆಸರು ನೋಂದಾಯಿಸಿದ ಅನೇಕ ಕುಟುಂಬಗಳನ್ನು ಮಾಲೀಕರು ಒಕ್ಕಲೆಬ್ಬಿಸಿದರು. ಅವರಿಗಾಗಿ 80ನೆಯ ಹೆದ್ದಾರಿಯ ಬದಿಯಲ್ಲಿ ಡೇರೆಗಳನ್ನು ಹಾಕಲಾಯಿತು. ಆ ಡೇರೆಗಳ ಮೇಲೂ ಗುಂಡಿನ ದಾಳಿಗಳು ನಡೆದವು.

ಅಲಬಾಮಾದ ಕಾನೂನಿನಲ್ಲಿ ಕೌಂಟಿಯ ಮಟ್ಟಕ್ಕೆ ಸೀಮಿತವಾದ ಪಕ್ಷವನ್ನು ಸ್ಥಾಪಿಸಲು ಅವಕಾಶವಿತ್ತು. ಓದುಬರಹ ಬಾರದ ಮತದಾರರು ಹೆಚ್ಚಾಗಿದ್ದ ಕಾರಣ ಚಿಹ್ನೆಗೆ ವಿಶೇಷ ಮಹತ್ವವಿತ್ತು. ರಾಜ್ಯದ ಡೆಮಾಕ್ರಟಿಕ್ ಪಕ್ಷದ ಅಂದಿನ ಚಿಹ್ನೆ ಬಿಳಿ ಹುಂಜವಾಗಿತ್ತು. ಅದಕ್ಕೆ ಎದುರಾಗಿ ಹೊಸ ಪಕ್ಷವು ಚಿರತೆಯನ್ನು ಆರಿಸಿಕೊಂಡಿತು. ಶೆರಿಫ್, ತೆರಿಗೆ ಅಧಿಕಾರಿ ಮುಂತಾದ ಹುದ್ದೆಗಳ ಕರ್ತವ್ಯಗಳನ್ನು ಚಿತ್ರಪುಸ್ತಿಕೆಗಳ ಮೂಲಕ ಜನರಿಗೆ ತಿಳಿಸಲಾಯಿತು. 1966ರ ಮೇ 3ರಂದು ಸುಮಾರು 900 ಮಂದಿ ಸೇರಿ ತಮ್ಮ ಅಭ್ಯರ್ಥಿಗಳನ್ನು ಆರಿಸಿದರು.

ಪರಿಣಾಮ

1966ರ ನವೆಂಬರ್ 8ರ ಚುನಾವಣೆಯಲ್ಲಿ ಪಕ್ಷದ ಏಳೂ ಅಭ್ಯರ್ಥಿಗಳು ಸೋತರು. ಭೂಮಾಲೀಕರು ತಮ್ಮ ಆಳುಗಳನ್ನು ಲಾರಿಗಳಲ್ಲಿ ಮತಗಟ್ಟೆಗೆ ಕರೆತಂದು ಬಿಳಿಯ ಅಭ್ಯರ್ಥಿಗಳಿಗೆ ಮತ ಹಾಕಿಸಿದ್ದು ಈ ಸೋಲಿನ ಕಾರಣಗಳಲ್ಲೊಂದು. ಆರ್ಥಿಕ ಸ್ವಾತಂತ್ರ್ಯವಿಲ್ಲದ ಕಡೆ ಮತದಾನದ ಹಕ್ಕು ಎಷ್ಟು ದುರ್ಬಲವಾಗಬಲ್ಲದು ಎಂಬುದನ್ನು ಈ ಫಲಿತಾಂಶವು ತೋರಿಸಿತು.

ಆದರೂ ಸಂಘಟನೆಯ ಕಾರ್ಯ ನಿಲ್ಲಲಿಲ್ಲ. 1970ರಲ್ಲಿ ಹ್ಯೂಲೆಟ್ ಅದೇ ಕೌಂಟಿಯ ಶೆರಿಫ್ ಆಗಿ ಚುನಾಯಿತರಾದರು. 1966ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಸ್ಥಾಪಿಸಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷವು ತನ್ನ ಹೆಸರನ್ನೂ ಲಾಂಛನವನ್ನೂ ಲೌಂಡ್ಸ್ ಕೌಂಟಿಯ ಈ ಚಿರತೆಯಿಂದಲೇ ಪಡೆಯಿತು.