ಗೋಡೆ ಒಣಗುವ ತನಕ

ವೇದಗಂಗಾ–ದೂಧಗಂಗಾ ಕೂಡುವ ಭೋಜದಂಥ ಊರಲ್ಲಿ ಮನೆ ರಿಪೇರಿ ಎಂದರೆ ಬರೀ ಸುಣ್ಣಬಣ್ಣವಲ್ಲ. 2019ರ ಆಗಸ್ಟ್‌ನಲ್ಲಿ ಈ ನದಿಗಳು ಉಕ್ಕಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಇಕ್ಕಟ್ಟು ಅರೆಬರೆ ಉಳಿದ ಮನೆಯವರದು: ಕೆಡವುವುದೋ, ಉಳಿಸಿಕೊಳ್ಳುವುದೋ?

ಉಳಿಸುವುದಾದರೆ ಅವಸರ ಸಲ್ಲದು. ನೆರೆ ಇಳಿದ ಮೇಲೂ ಮಣ್ಣಿನ ಗೋಡೆ ಕುಸಿಯುವುದುಂಟು; ನೆನೆದ ಬುಡಕ್ಕೆ ಹೆಂಚು, ಜಂತಿಗಳ ಭಾರ ಹೊರುವ ಕಸುವಿರದು. ಮೊದಲು ಜಂತಿಗೆ ಆಸರೆ ಕೊಡಬೇಕು. ಗೋಡೆ ಒಣಗಿದ ಮೇಲೆ ಸವೆದ ಬುಡಕ್ಕೆ ಸ್ವಲ್ಪಸ್ವಲ್ಪವಾಗಿ ಕಲ್ಲು ಕೂರಿಸಬೇಕು. ತೇವದ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೆ ನೀರು ಆರುವ ದಾರಿಯೇ ಮುಚ್ಚುತ್ತದೆ. ಹೊರಗೆ ಗಟ್ಟಿ, ಒಳಗೆ ಸಡಿಲು. ಮಣ್ಣು ಇಲ್ಲವೇ ಸುಣ್ಣದ ಗಿಲಾವೇ ಲೇಸು.

ಅಲ್ಲಿಯವರೆಗೆ ನೆಂಟರ ಪಡಸಾಲೆಯಲ್ಲಿ ದಿನ ನೂಕುವುದು ಬೇಸರವೇ. ಆದರೆ ಮಕ್ಕಳು ಮಲಗುವ ಸೂರಿನ ಮಾತಲ್ಲವೇ?